ಮುಧೋಳಕ್ಕೆ ಮೊಸರನ್ನ ಸಾಲದು

ಮುಧೋಳ ನಾಯಿಯನ್ನು ಬೆಂಗಳೂರಿನ ಬೀದಿಯಲ್ಲಿ ವಾಕಿಂಗ್ ಕರೆದೊಯ್ದರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಪಾಪ, ಮೂಳೆ ಕಾಣ್ತಾ ಇದೆಯಲ್ಲ, ಊಟ ಹಾಕಲ್ವಾ?’ ಈ ಮಾತಿಗೆ ಮನಸ್ಸು ಕರಗಿ ಸಾಕಿದವರು ಬಟ್ಟಲು ತುಂಬಿಸತೊಡಗುತ್ತಾರೆ. ಬೆಳಿಗ್ಗೆ ಮೊಸರನ್ನ, ರಾತ್ರಿ ಮೊಸರನ್ನ, ಕಾಫಿ ಹೊತ್ತಿಗೆ ಬಿಸ್ಕತ್ತು. ಬೇಟೆಯ ಓಟಕ್ಕೆಂದೇ ತಲೆಮಾರುಗಳಿಂದ ಪಳಗಿದ ಮೈ ಅದು. ಆಳವಾದ ಎದೆ, ಒಳಗೆ ಸೇದಿಕೊಂಡ ಹೊಟ್ಟೆ. ಕೊನೆಯ ಎರಡು ಮೂರು ಪಕ್ಕೆಲುಬು ಕಂಡರೆ ಅದು ಆರೋಗ್ಯದ ಲಕ್ಷಣವೇ ಹೊರತು ಹಸಿವಿನದಲ್ಲ. ಲ್ಯಾಬ್ರಡಾರ್‌ನ ಅಳತೆಗೆ ಅದನ್ನು ಉಬ್ಬಿಸುವುದು ನನಗೆ ಬಹಳ ಸಂಕಟದ ಸಂಗತಿ.

ಹಾಗಾಗಿ ಆಹಾರ ಆರಿಸುವ ಮುಂಚೆ ನಾಯಿಯ ಮೈಮೇಲೆ ಕೈಯಿಟ್ಟು ನೋಡಿ. ಎರಡೂ ಅಂಗೈಗಳನ್ನು ಪಕ್ಕೆಗಳ ಮೇಲಿಟ್ಟು, ಒತ್ತದೆ ಸವರಿ. ಎಲುಬುಗಳು ಒಂದೊಂದಾಗಿ ಬೆರಳಿಗೆ ಸಿಗಬೇಕು. ಒತ್ತಿ ಹುಡುಕಬೇಕಾಯಿತೆಂದರೆ ಊಟ ಹೆಚ್ಚಾಗಿದೆ. ತೊಡೆ ಮತ್ತು ಬೆನ್ನಿನ ಸ್ನಾಯು ಸೊರಗಿದ್ದರೆ ಕಡಿಮೆಯಾಗಿದೆ.

22 ಕಿಲೋ ತೂಗುವ, ಬೆಳೆದ ನಾಯಿಗೆ ದಿನಕ್ಕೆ ಸುಮಾರು 1,100 ಕಿಲೋಕ್ಯಾಲರಿ ಬೇಕು. ಪ್ಯಾಕೆಟ್ಟಿನ ಒಣ ಆಹಾರವಾದರೆ ಸರಿಸುಮಾರು 300 ಗ್ರಾಂ. ಲೋಟದಲ್ಲಿ ಅಳೆಯಬೇಡಿ, ತೂಗಿ ಹಾಕಿ. ಪ್ಯಾಕೆಟ್ಟಿನ ಮುಂಭಾಗದ ಚಿತ್ರಕ್ಕಿಂತ ಹಿಂಭಾಗದ ಸಣ್ಣ ಅಕ್ಷರ ಮುಖ್ಯ. ಒಣ ಆಹಾರದಲ್ಲಿ ಪ್ರೋಟೀನ್ ಶೇ 22, ಗ್ರೇವಿ ಪೊಟ್ಟಣದಲ್ಲಿ ಬರೀ ಶೇ 8 ಎಂದಿದ್ದರೆ ಮೊದಲನೆಯದೇ ಮೇಲು ಅನ್ನಿಸುತ್ತದೆ. ನೀರಿನಂಶ ಕಳೆದು ನೋಡಿ. ಗ್ರೇವಿಯಲ್ಲಿ ಶೇ 80ರಷ್ಟು ನೀರಿದ್ದರೆ ಉಳಿದ ಭಾಗದಲ್ಲಿ ಪ್ರೋಟೀನ್ ಶೇ 40. ಶೇ 10ರಷ್ಟು ತೇವವಿರುವ ಒಣ ಆಹಾರದಲ್ಲಿ ಶೇ 24 ಮಾತ್ರ.

ಮನೆಯ ಅಡುಗೆಯೇ ಬೇಕೆನ್ನುವವರ ಮೇಲೆ ನನಗೆ ಗೌರವವಿದೆ. ಬೆಂದ ಅನ್ನ, ಜೋಳದ ನುಚ್ಚು ನಾಯಿಗೆ ಚೆನ್ನಾಗಿಯೇ ಜೀರ್ಣವಾಗುತ್ತವೆ. ಕೊರತೆ ಬೀಳುವುದು ಪ್ರೋಟೀನಿಗೆ. ನುಚ್ಚಿನ ಜೊತೆ ಕೋಳಿಮಾಂಸ, ಮೊಟ್ಟೆ, ಆಗಾಗ ಒಂದಿಷ್ಟು ಲಿವರ್, ಬೇಯಿಸಿದ ಕುಂಬಳಕಾಯಿ ಸೇರಲಿ. ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ತೀರಾ ಕಡಿಮೆ. ಮೊಟ್ಟೆಯ ಚಿಪ್ಪನ್ನು ಕುದಿಸಿ, ಒಣಗಿಸಿ, ನುಣ್ಣಗೆ ಪುಡಿ ಮಾಡಿದರೆ ಅರ್ಧ ಟೀ ಚಮಚದಲ್ಲಿ ಹತ್ತಿರ ಹತ್ತಿರ 1 ಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ಮರಿಗಳ ಲೆಕ್ಕ ಮಾತ್ರ ಬೇರೆ, ಅದನ್ನು ಪಶುವೈದ್ಯರೇ ಹೇಳಲಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ವಿಷ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಆಹಾರ ಬದಲಿಸುವಾಗ ಹಳೆಯದರ ಜೊತೆ ಹೊಸದನ್ನು ಬೆರೆಸುತ್ತ ಒಂದು ವಾರ ತೆಗೆದುಕೊಳ್ಳಿ, ಇಲ್ಲವಾದರೆ ಭೇದಿ ಶುರುವಾಗುತ್ತದೆ. ದಿನದ ಊಟವನ್ನು ಎರಡು ಹೊತ್ತಿಗೆ ಹಂಚಿ. ಎದೆ ಆಳವಿರುವ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುವ ಅಪಾಯವಿದೆ. ಉಂಡ ಕೂಡಲೇ ಓಡಿಸಬೇಡಿ. ಹೊಟ್ಟೆ ಉಬ್ಬಿ, ವಾಂತಿಗೆ ಒದ್ದಾಡಿದರೂ ಏನೂ ಬಾರದಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.