ನಕಲು ಮಾಡದವರ ನಕ್ಷೆ

ಬ್ರಿಟನ್ನಿನ ಆಟೊಮೊಬೈಲ್ ಅಸೋಸಿಯೇಷನ್ ಅಚ್ಚು ಹಾಕಿಸಿದ ರಸ್ತೆ ನಕ್ಷೆಗಳಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆ ಆರ್ಡ್ನೆನ್ಸ್ ಸರ್ವೆಗೆ ತನ್ನದೇ ಕೈಬರಹ ಕಂಡಿತು. ರಸ್ತೆಯ ಅಗಲ ತೋರಿಸುವ ರೀತಿಯಂಥ ಸಣ್ಣ ಗುರುತುಗಳೇ ನಕಲನ್ನು ಹಿಡಿದುಕೊಟ್ಟವು. 2001ರಲ್ಲಿ ವ್ಯಾಜ್ಯ ರಾಜಿಯಾದಾಗ ಅಸೋಸಿಯೇಷನ್ 2 ಕೋಟಿ ಪೌಂಡ್ ತೆರಲು ಒಪ್ಪಿತು. ಸ್ಟೀವ್ ಕೋಸ್ಟ್ ಎಂಬುವರು 2004ರಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸ್ವಯಂಸೇವಕರ ನಕ್ಷೆ ಆರಂಭಿಸಿದ್ದು ಇಂಥ ದೇಶದಲ್ಲಿ. ಸರ್ಕಾರ ಅಳೆಸಿದ ಊರಿನ ನಕ್ಷೆ ಬೇಕೆಂದರೆ ಆಗ ದುಬಾರಿ ಬೆಲೆ ತೆರಬೇಕಿತ್ತು, ನಕಲು ಮಾಡಿದರೆ ಕೋರ್ಟು. ಹಾಗಾದರೆ ನಾವೇ ಅಳೆಯೋಣ ಎಂದು ಒಂದಷ್ಟು ಮಂದಿ ಜಿಪಿಎಸ್ ಹಿಡಿದು ಹೊರಟರು.

ಈ ನಕ್ಷೆಯನ್ನು ಮೆಚ್ಚುವವರು ಸಾಮಾನ್ಯವಾಗಿ ಅದು ಪುಕ್ಕಟೆ ಸಿಗುವುದನ್ನು ಹೊಗಳುತ್ತಾರೆ. ಅದರ ಬಲವಿರುವುದು ಒಂದು ನಿಷೇಧದಲ್ಲಿ: ಇನ್ನೊಬ್ಬರ ನಕ್ಷೆ ನೋಡಿ ಬರೆಯುವಂತಿಲ್ಲ. ಗೂಗಲ್ ಮ್ಯಾಪ್ಸ್ ತೆರೆದು ಬೀದಿಯ ಹೆಸರು ಎತ್ತಿಕೊಳ್ಳುವಂತಿಲ್ಲ; ಬೀದಿಗೇ ಹೋಗಿ ಫಲಕ ಓದಬಹುದು. ನಿಷೇಧವೇ ಜನರನ್ನು ನಡೆಸಿತು. ನಡೆದವರ ಕಣ್ಣಿಗೆ ಬಿದ್ದದ್ದು ನಕ್ಷೆಗೆ ಬಂತು.

ಕಾನೂನು ಎಲ್ಲೆಡೆ ಒಂದೇ ತೆರನಾಗಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ನಕ್ಷೆಯನ್ನು ಚಿತ್ರ, ಶಿಲ್ಪಗಳ ಸಾಲಿನಲ್ಲಿ ಕಲಾಕೃತಿಯೆಂದು ಎಣಿಸುತ್ತದೆ. ಬರಿಯ ಸಂಗತಿಗಳಿಗೆ ಯಾರೂ ಒಡೆಯರಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲಿ ಟೆಲಿಫೋನ್ ಡೈರೆಕ್ಟರಿಯೊಂದರ ಮೊಕದ್ದಮೆಯಲ್ಲಿ ಹೇಳಿತು. ಯುರೋಪ್ 1996ರಲ್ಲಿ ಮಾಹಿತಿ ಒಟ್ಟುಗೂಡಿಸಿದವರಿಗೇ ಬೇರೊಂದು ಹಕ್ಕು ಕೊಟ್ಟಿತು. ದೇಶಕ್ಕೊಂದು ನ್ಯಾಯವಿರುವಾಗ ಈ ಸ್ವಯಂಸೇವಕರು ಎಲ್ಲಕ್ಕಿಂತ ಕಠಿಣವಾದದ್ದನ್ನು ತಮಗೆ ತಾವೇ ಹಾಕಿಕೊಂಡರು. 2012ರಲ್ಲಿ ಪರವಾನಗಿ ಬದಲಿಸಿದಾಗ, ಹೊಸ ಷರತ್ತಿಗೆ ಒಪ್ಪಿಗೆ ಕೊಡದವರು ಎಳೆದ ಗೆರೆಗಳನ್ನು ಅಳಿಸಿಯೇಬಿಟ್ಟರು. ಆಸ್ಟ್ರೇಲಿಯಾ, ಪೋಲೆಂಡ್‌ಗಳಿಗೆ ಬಿದ್ದ ಪೆಟ್ಟು ಸಣ್ಣದಲ್ಲ. ಅತಿಯಾಯಿತು ಎಂದವರಿದ್ದಾರೆ. ಆದರೆ 2024ರ ಜುಲೈನಲ್ಲಿ ಮ್ಯಾಪ್‌ಮೈಇಂಡಿಯಾ ನಕ್ಷೆಗಳ ಒಡೆತನ ಹೊಂದಿರುವ ಕಂಪನಿ ತನ್ನ ದತ್ತಾಂಶ ನಕಲಾಗಿದೆಯೆಂದು ಓಲಾ ಎಲೆಕ್ಟ್ರಿಕ್‌ಗೆ ನೋಟಿಸ್ ಕಳಿಸಿತು, ಓಲಾ ಅದನ್ನು ಅಲ್ಲಗಳೆಯಿತು. ಅಂಥ ಜಗಳಗಳನ್ನು ನೋಡಿದರೆ ಆ ಹಟ ದಂಡವಾಗಿಲ್ಲ ಅನ್ನಿಸುತ್ತದೆ.

ಭಾರತದಲ್ಲಿ ಈ ಹಟಕ್ಕೆ ವಿಚಿತ್ರವಾದ ದಾರಿ ಸಿಕ್ಕಿತು. 1767ರಲ್ಲಿ ಹುಟ್ಟಿದ ಸರ್ವೆ ಆಫ್ ಇಂಡಿಯಾದ ಹಾಳೆಗಳು ಬೀಗದೊಳಗಿದ್ದ ಕಾಲದಲ್ಲಿ ಇಲ್ಲಿನ ಹಳ್ಳಿಗಳ ಹೆಸರಿಗಾಗಿ ಸ್ವಯಂಸೇವಕರು ತಿರುವಿಹಾಕಿದ್ದು ಅಮೆರಿಕದ ಸೇನೆ 1950ರ ದಶಕದಲ್ಲಿ ಮುದ್ರಿಸಿದ ನಕ್ಷೆಗಳನ್ನು! ಅಲ್ಲಿನ ಸರ್ಕಾರಿ ಕೃತಿಗಳಿಗೆ ಕೃತಿಸ್ವಾಮ್ಯವಿಲ್ಲ. ಆ ನಕ್ಷೆಗಳು 2.5 ಲಕ್ಷಕ್ಕೆ ಒಂದರ ಅಳತೆಯವು, ಹೆಸರುಗಳು ಇಂಗ್ಲಿಷ್ ಕಾಗುಣಿತದವು. ಕನ್ನಡದ ಹೆಸರನ್ನು ಊರು ಬಲ್ಲವರೇ ಕೂರಿಸಬೇಕು. 2017ರಲ್ಲಿ ಸರ್ವೆ ಆಫ್ ಇಂಡಿಯಾ ‘ನಕ್ಷೆ’ ತಾಣದಲ್ಲಿ ಹಾಳೆಗಳನ್ನು ಬಿಟ್ಟಿಯಾಗಿ ಕೊಡತೊಡಗಿತು, 2021ರ ಮಾರ್ಗಸೂಚಿ ನಿರ್ಬಂಧಗಳನ್ನು ಇನ್ನಷ್ಟು ಸಡಿಲಿಸಿತು. ಆದರೆ ಬಿಟ್ಟಿ ಸಿಗುವುದು ಬೇರೆ, ನಕಲು ಮಾಡಿ ಹಂಚುವ ಹಕ್ಕು ಬೇರೆ.

ನಡಿಗೆ ನಿಂತಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ತೆಳುವಾಗುತ್ತದೆ. 2010ರಲ್ಲಿ ಮೈಕ್ರೋಸಾಫ್ಟ್ ತನ್ನ ಬಿಂಗ್ ಉಪಗ್ರಹ ಚಿತ್ರಗಳ ಮೇಲೆ ಗೆರೆ ಎಳೆಯಲು ಅನುಮತಿ ಕೊಟ್ಟಿತು. ಮನೆಯಲ್ಲೇ ಕೂತು ಜಿಲ್ಲೆಗಟ್ಟಲೆ ರಸ್ತೆ ಬರೆಯುವುದು ಸಾಧ್ಯವಾಯಿತು. ಮುಂದೆ ಥಾಯ್ಲೆಂಡಿನಲ್ಲಿ ಫೇಸ್‌ಬುಕ್ ಯಂತ್ರದಿಂದಲೇ ರಸ್ತೆಗಳನ್ನು ಗುರುತಿಸಿತು. ಬಯಲುಸೀಮೆಗೆ ಇದು ನಡೆದೀತು. ಕೊಡಗಿನಲ್ಲೋ ಮೂಡಿಗೆರೆಯಲ್ಲೋ ಮೇಲಿನಿಂದ ಕಾಣುವುದು ಮರದ ನೆತ್ತಿ ಮಾತ್ರ; ನಡುವೆ ಎಲ್ಲೋ ಬೆಳ್ಳಗೆ ಇಣುಕುವ ಗೆರೆ ಊರಿನ ರಸ್ತೆಯೋ, ಗೇಟು ಹಾಕಿದ ಎಸ್ಟೇಟಿನ ದಾರಿಯೋ ಚಿತ್ರ ಹೇಳುವುದಿಲ್ಲ.

ಈ ನಕ್ಷೆಯ ರಸ್ತೆಗಳ ವಿಂಗಡಣೆಯೂ ಬ್ರಿಟನ್ನಿನಿಂದ ಬಂದದ್ದು. ಇಲ್ಲಿ ರಾಷ್ಟ್ರೀಯ ಹೆದ್ದಾರಿಗೆ ಮೇಲಿನ ದರ್ಜೆ, ರಾಜ್ಯ ಹೆದ್ದಾರಿಗೆ ಅದರ ಕೆಳಗಿನದು ಎಂದು ಒಗ್ಗಿಸಿಕೊಂಡಿದ್ದಾರೆ. ಆಗುಂಬೆ ಘಾಟಿ ರಾಷ್ಟ್ರೀಯ ಹೆದ್ದಾರಿ 169ಎ. ಆ ಲೆಕ್ಕದಲ್ಲಿ ಅದಕ್ಕೂ ದೊಡ್ಡ ರಸ್ತೆಯ ಬಣ್ಣವೇ. ಹದಿನಾಲ್ಕು ಹಿಮ್ಮುರಿ ತಿರುವುಗಳ ಆ ದಾರಿಯಲ್ಲಿ ಭಾರೀ ವಾಹನಗಳಿಗೆ ನಿಷೇಧವಿದೆ. ಅದನ್ನು ದಾಖಲಿಸಲು ಪ್ರತ್ಯೇಕ ಗುರುತಿದೆ, ಯಾರಾದರೂ ಹಾಕಬೇಕಷ್ಟೆ.

ಕಾಲುದಾರಿಯ ವಿಷಯಕ್ಕೆ ಬಂದರೆ ಬೇರೆ ನಕ್ಷೆಗಳು ಇದರ ಹತ್ತಿರಕ್ಕೂ ಬರಲಾರವು. ಕಾರಿನವರಿಗಾಗಿ ಮಾಡಿದ ನಕ್ಷೆಗೆ ಹಳ್ಳದ ಮೇಲಿನ ಕಾಲುಸಂಕ ಬೇಕಿಲ್ಲ. ಇಲ್ಲಿ ಅದಕ್ಕೆ ಜಾಗವಿದೆ. ಬೇಲಿ ದಾಟುವ ತಡಮೆಗೂ ಇದೆ: ಇಂಗ್ಲೆಂಡಿನ ಹೊಲದ ಬೇಲಿಗೆಂದು ಮಾಡಿದ ಗುರುತು ಮಲೆನಾಡಿಗೆ ಸಲೀಸಾಗಿ ಹೊಂದುತ್ತದೆ. ದಾರಿ ಕಣ್ಣಿಗೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ, ನೆಲ ಮಣ್ಣೋ ಕಲ್ಲೋ ಎಂಬುದನ್ನೂ ಬರೆಯಬಹುದು. ಏರಿನ ಕಷ್ಟಕ್ಕೆ ಸ್ವಿಸ್ ಆಲ್ಪೈನ್ ಕ್ಲಬ್ಬಿನ ಆರು ದರ್ಜೆಗಳನ್ನು ಎರವಲು ತಂದಿದ್ದಾರೆ. ಹುಲ್ಲಿನ ಗುಡ್ಡ, ಜಾರುವ ಪಾಚಿಗಲ್ಲು, ಜಿಗಣೆಯ ಮಳೆಗಾಲವನ್ನು ಹಿಮದ ನಾಡಿನ ಅಳತೆಗೋಲು ಅಳೆಯದು ಎಂಬುದು ಬೇರೆ ಮಾತು.

ಕುಮಾರ ಪರ್ವತದಂಥ ಕಡೆ ತಕರಾರು ಇನ್ನೊಂದು. ಅದು ಪುಷ್ಪಗಿರಿ ವನ್ಯಧಾಮದೊಳಗಿನ ಬೆಟ್ಟ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹತ್ತುವಂತಿಲ್ಲ. ನಕ್ಷೆಯಲ್ಲಿ ದಾರಿ ಕಂಡರೆ ಜನ ನುಗ್ಗುತ್ತಾರೆ, ಅಳಿಸಿ ಎಂಬುದು ಒಂದು ವಾದ. ನೆಲದ ಮೇಲೆ ಇರುವುದು ನಕ್ಷೆಯಲ್ಲೂ ಇರಬೇಕು, ಅನುಮತಿಯ ಗುರುತು ಹಾಕಿ ಎಂಬುದು ಸ್ವಯಂಸೇವಕರ ರೂಢಿ. ರೂಢಿಯೇ ಸರಿ, ದಾರಿ ತಪ್ಪಿದವರನ್ನು ಹುಡುಕುವವರಿಗೂ ಆ ಗೆರೆ ಬೇಕು.

ಈ ಯೋಜನೆ ಎಡವಿರುವುದು ದಾರಿಯನ್ನು ತೋರಿಸುವ ಬಗೆಯಲ್ಲಿ. 2021ರಲ್ಲಿ ಬೆನ್ ನೆವಿಸ್ ಬೆಟ್ಟಕ್ಕೆ ಗೂಗಲ್ ಮ್ಯಾಪ್ಸ್ ಸೂಚಿಸುವ ಹಾದಿ ಜೀವಕ್ಕೇ ಅಪಾಯವೆಂದು ಸ್ಕಾಟ್ಲೆಂಡಿನ ಪರ್ವತಾರೋಹಣ ಸಂಸ್ಥೆ ಎಚ್ಚರಿಸಿತ್ತು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶಕ್ಕೆ ಇಂಥ ಅಪಾಯವನ್ನು ಹೇಳುವ ಭಾಷೆ ಇದೆ. ಆದರೆ ಅದರ ತಾಣ ತೆರೆದೊಡನೆ ಕಾಣುವ ನಕ್ಷೆಯಲ್ಲಿ ಉದ್ಯಾನದ ಹಾದಿಗೂ ಕೊರಕಲಿನಂಚಿನ ಹಾದಿಗೂ ಅದೇ ಕೆಂಪು ಚುಕ್ಕಿ. ಕಷ್ಟದ ದರ್ಜೆ ಅಲ್ಲಿಗೆ ಬರುವುದೇ ಇಲ್ಲ. ಆ್ಯಪ್‌ ತಯಾರಿಸುವವರು ಗುರುತುಗಳನ್ನು ಓದುವುದಿಲ್ಲವೆಂದು ದೂರುವ ಮುನ್ನ ಈ ಯೋಜನೆ ತನ್ನ ಮುಖಪುಟದ ನಕ್ಷೆಯಲ್ಲಿ ಅವನ್ನು ಬಿಡಿಸಬೇಕಿತ್ತು.