ಕ್ರೈಸ್ತ ಗ್ರಂಥಗಳಲ್ಲಿ ತಾಯ್ತಂದೆಯರ ಪ್ರೀತಿ: ಒಂದು ಅಲಂಕಾರವಿಚಾರ

ಕ್ರೈಸ್ತ ಭಕ್ತಿಯನ್ನು ಕುರಿತು ಕನ್ನಡದಲ್ಲಿ ಬರೆಯುವಾಗ ‘ವಾತ್ಸಲ್ಯ’ ಎಂಬ ಪರಿಭಾಷೆ ನಮ್ಮ ಕೈಗೆ ಸುಲಭವಾಗಿ ಸಿಗುತ್ತದೆ. ದೇವರನ್ನು ತಂದೆಯೆಂದು ಕರೆಯುವ ಮತ ಅದು. ತಂದೆಯ ಪ್ರೀತಿಗೆ ವಾತ್ಸಲ್ಯವೆಂದು ಹೆಸರು. ಆದುದರಿಂದ ಅಲ್ಲಿಯದು ವಾತ್ಸಲ್ಯಭಕ್ತಿ ಎಂಬ ತರ್ಕ ಇದರ ಹಿಂದಿದೆ. ತರಗತಿಗಳಲ್ಲಿ ನಾವೂ ಬಹುಕಾಲ ಹೀಗೆಯೇ ಹೇಳಿಕೊಂಡು ಬಂದೆವು. ಆದರೆ ಗೌಡೀಯ ವೈಷ್ಣವರ ರಸವಿಚಾರದಲ್ಲಿ ವಾತ್ಸಲ್ಯವೆಂದರೆ ಭಕ್ತನೇ ತಾಯಿಯಾಗಿ ದೇವರನ್ನು ಕೂಸೆಂದು ಕಾಣುವ ಭಾವ. ಯಶೋದೆ ಅದರ ಮಾದರಿ. ಶ್ರೀವೈಷ್ಣವ ಆಚಾರ್ಯರಲ್ಲಿ ಈ ಮಾತು ಬೇರೆಯದೇ ದಿಕ್ಕು ಹಿಡಿಯುತ್ತದೆ: ಅಲ್ಲಿ ವಾತ್ಸಲ್ಯವು ಭಗವಂತನ ಗುಣ. ಆಗತಾನೆ ಹುಟ್ಟಿದ ಕರುವಿನ ಮೈಯ ಕೊಳೆಯನ್ನು ಹಸು ನೆಕ್ಕುವಂತೆ ಆತನು ಜೀವನ ದೋಷವನ್ನು ಸ್ವೀಕರಿಸುತ್ತಾನೆ. ಕ್ರೈಸ್ತ ಗ್ರಂಥಗಳಿಗೆ ಹತ್ತಿರವಾದುದು ಈ ಎರಡನೆಯ ಅರ್ಥ. ಅದೂ ಪೂರ್ತಿಯಾಗಿ ಹೊಂದುವುದಿಲ್ಲವೆಂಬುದು ನಮ್ಮ ಈಗಿನ ಅನಿಸಿಕೆ.

ತಾಯ್ತಂದೆಯರ ಪ್ರೀತಿ ದೈವಪ್ರೇಮದ ಪ್ರತಿಬಿಂಬವೆಂದಾಗ ನಾವು ಅದನ್ನು ಉಪಮೆಯೆಂದು ಭಾವಿಸುತ್ತೇವೆ. ಮೂಲದ ಮುಖ್ಯ ಸಂದರ್ಭಗಳಲ್ಲಿ ಇರುವುದು ದಂಡಿ ಮೊದಲಾದ ಲಾಕ್ಷಣಿಕರು ವ್ಯತಿರೇಕವೆಂದು ಕರೆದ ಅಲಂಕಾರ. ಹೋಲಿಕೆಯನ್ನು ತಂದು, ಉಪಮೇಯವು ಉಪಮಾನವನ್ನು ಮೀರಿತೆಂದು ತೋರಿಸುವ ಕ್ರಮ. ಯೆಶಾಯನ 49ನೆಯ ಅಧ್ಯಾಯದಲ್ಲಿ, ಮೊಲೆಯುಣ್ಣುವ ಕೂಸನ್ನು ತಾಯಿ ಮರೆತಾಳೇ ಎಂಬ ಪ್ರಶ್ನೆ ಬರುತ್ತದೆ. ಇಲ್ಲವೆಂಬ ಉತ್ತರಕ್ಕೆ ನಮ್ಮ ಕಿವಿ ಸಿದ್ಧವಾಗಿರುತ್ತದೆ. ಪ್ರವಾದಿ ಮರೆತಾಳು ಎನ್ನುತ್ತಾನೆ! ದೇವರ ಅಭಯ ಬರುವುದು ಅದರ ನಂತರ. ಹೋಶೇಯನ 11ನೆಯ ಅಧ್ಯಾಯ ಇನ್ನೂ ತೀವ್ರವಾದುದು. ಎಫ್ರಾಯೀಮನಿಗೆ ನಡೆಯಲು ಕಲಿಸಿದ, ತೋಳಲ್ಲೆತ್ತಿದ, ಬಾಗಿ ಉಣಿಸಿದ ದೇವರು ಅಲ್ಲಿ ಮಾತನಾಡುತ್ತಾನೆ. ಮಗ ತಿರುಗಿಬಿದ್ದಿದ್ದಾನೆ. ಅಂಥ ಮಗನನ್ನು ಹೆತ್ತವರೇ ಊರ ಹಿರಿಯರ ಮುಂದೆ ನಿಲ್ಲಿಸಿ ಕಲ್ಲೆಸೆದು ಕೊಲ್ಲಿಸಬಹುದೆಂಬ ವಿಧಿ ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದಲ್ಲಿದೆ. ಹೋಶೇಯನ ದೇವರು ಹಾಗೆ ಮಾಡಲಾರ. ಅದಕ್ಕೆ ಅವನು ಕೊಡುವ ಕಾರಣ ತಾನು ಮನುಷ್ಯನಲ್ಲವೆಂಬುದು. ತಂದೆಯ ಚಿತ್ರವನ್ನು ಅಷ್ಟು ಅಕ್ಕರೆಯಿಂದ ಕಟ್ಟಿ, ಕೊನೆಗೆ ಅದನ್ನು ಕೈಬಿಡುವ ಈ ಜಾಗದಲ್ಲಿಯೇ ಕಾವ್ಯದ ಜೀವವಿದೆ. ಮೀನು ಕೇಳಿದ ಮಗನಿಗೆ ಹಾವು ಕೊಡದ ತಂದೆಯನ್ನು ಕುರಿತ ಯೇಸುವಿನ ಮಾತೂ ಕೈಮುತಿಕ ನ್ಯಾಯದ್ದು: ಕೆಟ್ಟವರೇ ಇಷ್ಟು ಮಾಡುವಾಗ ಪರಲೋಕದ ತಂದೆಯ ವಿಷಯ ಹೇಳಬೇಕೆ?

ಇದು ಬರಿಯ ಲಕ್ಷಣಶಾಸ್ತ್ರದ ಚರ್ಚೆಯಲ್ಲ. ಉಪಮೆಯೆಂದು ಒಪ್ಪಿದರೆ ಅದನ್ನು ತಿರುಗಿಸಿ ಓದಲು ತಡೆಯಿಲ್ಲ. ತಂದೆಯು ದೇವರಂತೆ, ಅವನ ಮಾತು ಮೀರಲಾಗದು ಎನ್ನಬಹುದು. ಹಾಗೆ ಓದಿದ ಚರಿತ್ರೆ ದೀರ್ಘವಾಗಿದೆ. ಮೇರಿ ಡೇಲಿಯವರ 1973ರ ‘ಬಿಯಾಂಡ್ ಗಾಡ್ ದ ಫಾದರ್’ ಗ್ರಂಥದ ಆಕ್ಷೇಪಣೆ ಮುಖ್ಯವಾಗಿ ಇದೇ, ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಪೆಟ್ಟು ತಿಂದು ಬೆಳೆದ ಮಗುವಿಗೆ ‘ತಂದೆ’ ಎಂಬ ಶಬ್ದ ಏನನ್ನು ಪ್ರತಿಬಿಂಬಿಸೀತು? ವ್ಯತಿರೇಕವಾಗಿ ಓದಿದಾಗ ಮಾತ್ರ ಆ ಮಗುವಿಗೂ ಈ ಗ್ರಂಥದಲ್ಲಿ ಎಡೆಯಿದೆ; ತಾಯಿಯೂ ಮರೆಯಬಹುದೆಂದು ಪ್ರವಾದಿ ಮೊದಲೇ ಒಪ್ಪಿದ್ದಾನಲ್ಲ!

ಮಧ್ಯಯುಗದ ಒಂದು ಜೋಡಿಯನ್ನು ಇಲ್ಲಿ ಎದುರುಬದುರು ಇಡಬಯಸುತ್ತೇವೆ. ಇಂಗ್ಲೆಂಡಿನ ನಾರಿಚ್ ಪಟ್ಟಣದ ಜೂಲಿಯನ್ ಎಂಬ ಅನುಭಾವಿಗೆ 1373ರಲ್ಲಿ ಕಾಯಿಲೆಯ ಹಾಸಿಗೆಯಲ್ಲಿ ದರ್ಶನಗಳಾದವು. ಎರಡು ದಶಕಗಳ ಮನನದ ಮೇಲೆ ಆಕೆ ಅದನ್ನು ವಿಸ್ತರಿಸಿ ಬರೆದಳು. ಅಲ್ಲಿ ಕ್ರಿಸ್ತನು ತಾಯಿ. ಲೋಕದ ತಾಯಿ ಎದೆಹಾಲು ಕೊಡುತ್ತಾಳೆ, ಈ ತಾಯಿ ತನ್ನನ್ನೇ ಉಣಿಸುತ್ತಾನೆ. ಮಗು ಎಡವಿ ಕಲಿಯಲೆಂದು ತಾಯಿ ಒಮ್ಮೊಮ್ಮೆ ಸುಮ್ಮನಿರುತ್ತಾಳೆ. ಲೋಕದ ತಾಯಿಯ ಮಗು ಅಳಿದುಹೋದೀತು, ಕ್ರಿಸ್ತನೆಂಬ ತಾಯಿಯ ಮಗು ಅಳಿಯಲಾರದು. ಮತ್ತೆ ವ್ಯತಿರೇಕವೇ. (ಈ ಕಲ್ಪನೆ ಆಕೆಯದೇ ಅಲ್ಲ, ಹನ್ನೆರಡನೆಯ ಶತಮಾನದ ಸಿಸ್ಟರ್ಷಿಯನ್ ಸಂನ್ಯಾಸಿಗಳು ತಮ್ಮ ಅಧಿಕಾರದ ಬಗೆಗಿನ ಅಳುಕಿನಿಂದಲೂ ಇಂಥ ಮಾತೃರೂಪಕಗಳನ್ನು ಬಳಸಿದರೆಂದು ಕ್ಯಾರೊಲಿನ್ ವಾಕರ್ ಬೈನಮ್ 1982ರಲ್ಲಿ ತೋರಿಸಿದ್ದಾರೆ.) ಜೂಲಿಯನ್ನಳಿಗೆ ದರ್ಶನವಾಗುವುದಕ್ಕೆ ನಾಲ್ಕು ವರ್ಷ ಮೊದಲು, 1369ರಲ್ಲಿ, ಭೀಮಕವಿ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವನ್ನು ಕನ್ನಡಕ್ಕೆ ತಂದನು. ಸೋಮನಾಥನಲ್ಲಿ ಬೆಜ್ಜಮಹಾದೇವಿಯ ಕಥೆಯಿದೆ. ಶಿವನಿಗೆ ತಾಯಿಯಿಲ್ಲವೆಂಬುದು ಆಕೆಯ ಕೊರಗು. ತಾಯಿಯಿದ್ದಿದ್ದರೆ ಜಡೆಗಟ್ಟಲು, ವಿಷ ಕುಡಿಯಲು, ಮಸಣದಲ್ಲಿ ಅಲೆಯಲು ಬಿಡುತ್ತಿದ್ದಳೇ? ಎಂದು ತಾನೇ ತಾಯಿಯಾಗಿ ಶಿವನನ್ನು ಎರೆದು ಉಣಿಸುತ್ತಾಳೆ. ಇಲ್ಲಿ ಮಾನವ ತಾಯ್ತನಕ್ಕೆ ಕೊರತೆಯೇ ಇಲ್ಲ, ಕೊರತೆಯಿರುವುದು ದೇವರಿಗೆ! ಜೂಲಿಯನ್ನಳಿಗೆ ಇದು ಊಹೆಗೂ ನಿಲುಕದ ಧೈರ್ಯ. ಇಬ್ಬರನ್ನೂ ‘ವಾತ್ಸಲ್ಯ’ದ ಒಂದೇ ಶೀರ್ಷಿಕೆಯಡಿ ಸೇರಿಸಿದ ತೌಲನಿಕ ಅಧ್ಯಯನವು ಎರಡನ್ನೂ ಓದಿಲ್ಲವೆಂದೇ ಹೇಳಬೇಕು.

ಇನ್ನು ಲೂಕನ 15ನೆಯ ಅಧ್ಯಾಯದ ದುಂದುಗಾರ ಮಗನ ಸಾಮತಿ. ರೆಂಬ್ರಾಂಟನ ಕೊನೆಗಾಲದ ಚಿತ್ರವೂ ಆ ಚಿತ್ರವನ್ನು ಕುರಿತ ಹೆನ್ರಿ ನೌವೆನ್ನರ 1992ರ ಪುಸ್ತಕವೂ ಅದನ್ನು ಬಹಳ ಜನಕ್ಕೆ ಮುಟ್ಟಿಸಿವೆ; ವಿವರಿಸುವ ಅಗತ್ಯವಿಲ್ಲ. ಮಗ ಒಪ್ಪಿಸಲೆಂದು ಮೂರು ಮಾತು ಕಟ್ಟಿಕೊಂಡು ಬರುತ್ತಾನೆ. ಕೂಲಿಯವನಂತೆ ಇಟ್ಟುಕೋ ಎಂಬ ಮೂರನೆಯದಕ್ಕೆ ತಂದೆ ಅವಕಾಶ ಕೊಡುವುದಿಲ್ಲವೆಂಬುದನ್ನು ಮಾತ್ರ ಗಮನಿಸಬೇಕು. ದೂರದಲ್ಲಿಯೇ ಮಗನನ್ನು ಕಂಡ ತಂದೆಗೆ ಆದುದನ್ನು ಹೇಳಲು ಲೂಕನು ಬಳಸುವ ಗ್ರೀಕ್ ಕ್ರಿಯಾಪದ ಒಳಗಿನ ಅಂಗಾಂಗಗಳನ್ನು ಹೇಳುವ ನಾಮಪದದಿಂದ ಹುಟ್ಟಿದುದು. ಕನ್ನಡದ ‘ಕರುಳು ಚುರ್ರೆನ್ನು’ ಅದಕ್ಕೆ ಸರಿಸಾಟಿ. ಬಳಕೆಯಲ್ಲಿರುವ ಸತ್ಯವೇದ ‘ಕನಿಕರಪಟ್ಟು’ ಎನ್ನುತ್ತದೆ. ದೇಹವನ್ನು ಬಿಟ್ಟ ಸಪ್ಪೆ ಅನುವಾದವೆಂದು ನಾವು ಹಿಂದೆ ತಿಳಿದಿದ್ದೆವು.

ಈಗ ಅಷ್ಟು ಖಚಿತವಾಗಿ ಹೇಳಲಾರೆವು. ಲೂಕನು ಈ ಕ್ರಿಯಾಪದವನ್ನು ಮೂರೇ ಕಡೆ ಬಳಸುತ್ತಾನೆ. ಒಬ್ಬನೇ ಮಗನ ಹೆಣದ ಹಿಂದೆ ನಡೆಯುತ್ತಿದ್ದ ನಾಯಿನ್ ಊರಿನ ವಿಧವೆಯನ್ನು ಯೇಸು ಕಂಡಾಗ ಒಮ್ಮೆ. ದಾರಿಬದಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಸಮಾರ್ಯದವನು ಕಂಡಾಗ ಒಮ್ಮೆ. ಈ ತಂದೆಗೆ ಇನ್ನೊಮ್ಮೆ. ಮೂವರಲ್ಲಿ ಹೆತ್ತವನು ಒಬ್ಬನೇ. ಸಮಾರ್ಯದವನಂತೂ ಪರಕೀಯ. ಕನ್ನಡದ ‘ಕರುಳು’ ಸಂಬಂಧವನ್ನು ಬಿಟ್ಟು ಸುಲಭವಾಗಿ ಅಲುಗದು. ಹೆತ್ತ ಕರುಳು, ಕರುಳ ಕುಡಿ, ಕರುಳುಬಳ್ಳಿ ಎಂಬ ನುಡಿಗಟ್ಟುಗಳೇ ಸಾಕ್ಷಿ. ‘ಕನಿಕರ’ಕ್ಕೆ ದೇಹವಿಲ್ಲದಿರಬಹುದು, ಆದರೆ ಅದು ಮೂರು ಕಡೆಗೂ ಹೊಂದುತ್ತದೆ. ಹೊಸ ಅನುವಾದಕರು ಸಾಮತಿಯ ತಂದೆಗೆ ‘ಕರುಳು’ ಎಂದು ಬರೆಯುವುದಾದರೆ ಆ ಸಮಾರ್ಯದವನಿಗೂ ಅದನ್ನೇ ಬರೆಯಬೇಕಾಗುತ್ತದೆ.