ಟೆಸ್ಟ್ ಶಾಟ್ ಯಾವ ಕಲ್ಲಿನ ಮೇಲೆ?

ಹೊಸ ಲೆನ್ಸ್ ಬಂದ್ರೆ ನಮ್ಮ ಗೆಳೆಯರು ಮೊದಲು ಓಡೋದು ವಿಜಯಪುರದ ಇಬ್ರಾಹಿಂ ರೋಜಾಕ್ಕೆ. ಚಿತ್ರಗಳು ಚೆಂದ, ಒಪ್ಪಿದೆ. ಆದರೆ ಅಲ್ಲಿನ ಅರೇಬಿಕ್ ಅಕ್ಷರಗಳು ಉಬ್ಬುಗೆತ್ತನೆ; ಮೊಬೈಲಿಗೂ ಸ್ಪಷ್ಟವಾಗಿ ಸಿಗುತ್ತವೆ. ಅದರಿಂದ ಲೆನ್ಸಿನ ಯೋಗ್ಯತೆ ತಿಳಿಯೋದಿಲ್ಲ. ತಿಕೋಟಾ, ಬಬಲೇಶ್ವರದ ಕಡೆ ಹೋಗಿ, ಎಣ್ಣೆ-ಸುಣ್ಣ ಕುಡಿದು ಸವೆದ ಕಲ್ಲೊಂದನ್ನು ಹಿಡೀರಿ ನೋಡೋಣ. ಕನ್ನಡ ಶಾಸನದ ಅಕ್ಷರ ಕೊರೆದದ್ದು. ಸವೆದ ಮೇಲೆ ಮ-ವ ಬೇರ್ಪಡಿಸೋದೇ ಕಷ್ಟ. ಎದುರಿನಿಂದ ಫ್ಲಾಶ್ ಹೊಡೆದರೆ ದುಬಾರಿ 100 ಮಿ.ಮೀ. ಮ್ಯಾಕ್ರೋ ಕೂಡ ಕುರುಡು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೈಗೆ ಓರೆಯಾಗಿ ಹಿಡಿದು, ಎಡದಿಂದೊಂದು, ಮೇಲಿನಿಂದೊಂದು ತೆಗೀರಿ. ಅಕ್ಷರ ಏಳೋದು ನೆರಳಿನಲ್ಲಿ.

ನನ್ನ ದೊಡ್ಡ ತಕರಾರು ಶಾರ್ಪನಿಂಗ್ ಬಗ್ಗೆ. ಚಕ್ಕೆ ಎದ್ದ ಗಾಯವನ್ನೂ ಅದು ಗೆರೆ ಮಾಡುತ್ತದೆ. ನಾವು ಅದನ್ನೇ ಕೊಂಬು ಅಂತ ಓದಿ, ಊರಿನ ಹೆಸರನ್ನೇ ಬದಲಿಸಿಬಿಡ್ತೀವಿ. ತಿದ್ದದ ರಾ ಫೈಲನ್ನೂ ಜೊತೆಗೆ ಹಾಕ್ರಿ.